ಹುಳು ಮೇಯ್ದ ಚಿಗುರು

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಸಂತೆಬಾಚಹಳ್ಳಿ ಒಂದು ಹೋಬಳಿಯ ಕೇಂದ್ರ. ರೇಷ್ಮೆಯ ಕಸುಬು ಬೇರೂರಿದ ಈ ಸೀಮೆಯ ಜನರಿಗೆ ಹುಳು ಎಲೆಯನ್ನು ತಿನ್ನುವ ಪರಿ ಎಂಥದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಳುಮನೆಯ ತಟ್ಟೆಯ ಮೇಲೆ ಹಿಪ್ಪುನೇರಳೆ ಸೊಪ್ಪನ್ನು ಹರಡಿದೊಡನೆ ಏಳುವ ಸರಸರ ಸದ್ದು, ಸಣ್ಣ ಮಳೆ ಒಣ ತರಗಿನ ಮೇಲೆ ಬೀಳುವಂತೆ ಕೇಳಿಸುವುದನ್ನು ಇಲ್ಲಿಯ ಮಕ್ಕಳೂ ಬಲ್ಲರು. ಎಳ್ಳುಕಾಳಿಗಿಂತ ಚಿಕ್ಕದಾಗಿ ಮೊಟ್ಟೆಯಿಂದ ಹೊರಬಂದ ಹುಳು ನಾಲ್ಕು ಜ್ವರಗಳನ್ನು ದಾಟಿ, ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ತನ್ನ ಮೊದಲಿನ ತೂಕದ ಸುಮಾರು ಹತ್ತು ಸಾವಿರದಷ್ಟು ಬೆಳೆಯುತ್ತದೆ. ಅದು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಕಡೆಯ ಜ್ವರ ಎದ್ದ ಮೇಲಿನ ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಆ ದಿನಗಳಲ್ಲಿ ಮನೆಮಂದಿಗೆಲ್ಲ ಸೊಪ್ಪು ತರುವುದೇ ಕೆಲಸ.

ಈ ಲೆಕ್ಕವನ್ನು ಹುಳುಮನೆಯಿಂದ ಕಾಡಿಗೆ ಕೊಂಡೊಯ್ದು ನೋಡಬೇಕು. ಅಲ್ಲಿ ಸೊಪ್ಪನ್ನು ಕೊಯ್ದು ಹಾಕುವವರಿಲ್ಲ, ತಟ್ಟೆಯನ್ನು ಬದಲಿಸುವವರಿಲ್ಲ, ಹಣ್ಣಾದ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುವವರೂ ಇಲ್ಲ. ಆದರೂ ಲಕ್ಷಾಂತರ ಹುಳುಗಳು ಪ್ರತಿ ವರ್ಷ ಎಲೆಯನ್ನುಂಡು ಬೆಳೆದು ರೆಕ್ಕೆ ಬಲಿತು ಹಾರಿಹೋಗುತ್ತವೆ. ಅವುಗಳ ಊಟದ ಖರ್ಚನ್ನು ಹೊರುವುದು ಮರ. ಬೆಳೆದು ಹೆಮ್ಮರವಾದುದು ಈ ಖರ್ಚನ್ನು ಹೇಗೋ ತೂಗಿಸಿಕೊಂಡೀತು. ನೆಟ್ಟು ಎರಡು ಮೂರು ವರ್ಷವಾದ ಎಳೆಮರದ ಗತಿಯೇನು?

ಎಲೆಯೆಂಬ ಬಂಡವಾಳ

ಎಲೆಯನ್ನು ಮರದ ಅಡಿಗೆಮನೆ ಎಂದು ಶಾಲೆಯ ಪಾಠದಲ್ಲಿ ಹೇಳುವುದುಂಟು. ಅದನ್ನು ಮರದ ಬಂಡವಾಳ ಎಂದರೆ ಇನ್ನೂ ಒಪ್ಪುತ್ತದೆ. ಬೇಸಿಗೆಯಲ್ಲಿ ಎಲೆಯುದುರಿಸಿ ನಿಂತ ಮರವು ಬೇರು ಮತ್ತು ಕಾಂಡಗಳಲ್ಲಿ ಪಿಷ್ಟವನ್ನು ಕೂಡಿಟ್ಟುಕೊಂಡಿರುತ್ತದೆ. ಮುಂಗಾರಿನ ಮೊದಲ ಹನಿ ಬಿದ್ದಾಗ ಆ ಗಂಟನ್ನು ಒಡೆದು ಹೊಸ ಚಿಗುರನ್ನು ಹೊಮ್ಮಿಸುತ್ತದೆ. ಚಿಗುರು ಬಲಿತು ಎಲೆಯಾಗಿ ಬಿಸಿಲನ್ನು ಹಿಡಿದು ಆಹಾರವನ್ನು ತಯಾರಿಸತೊಡಗಿದ ಮೇಲೆಯೇ ಹಾಕಿದ ಬಂಡವಾಳ ಹಿಂದಿರುಗುವುದು. ಎಲೆ ಬಲಿಯುವುದಕ್ಕೆ ಮೊದಲೇ ಹುಳು ಅದನ್ನು ಮುಗಿಸಿತೆಂದರೆ ಅಸಲೂ ಹೋಯಿತು, ಬಡ್ಡಿಯೂ ಹೋಯಿತು. ಮರ ಮತ್ತೆ ಉಗ್ರಾಣಕ್ಕೆ ಕೈಹಾಕಿ ಎರಡನೆಯ ಚಿಗುರನ್ನು ತೆಗೆಯಬೇಕು.

ದೊಡ್ಡ ಮರದ ಉಗ್ರಾಣ ದೊಡ್ಡದು. ಅದರ ಬೇರು ಆಳಕ್ಕೆ ಇಳಿದಿರುವುದರಿಂದ ನೀರಿಗೂ ಅಷ್ಟು ತತ್ವಾರವಿಲ್ಲ. ಎಳೆಮರಕ್ಕಾದರೋ ಉಗ್ರಾಣವೂ ಕಿರಿದು, ಬೇರೂ ಮೊಟಕು. ಅದರ ಒಟ್ಟು ಎಲೆಗಳೇ ಬೆರಳೆಣಿಕೆಯವಾಗಿರುವಾಗ ಹತ್ತು ಹುಳುಗಳು ಸಾಕು, ಅದನ್ನು ಬೋಳಿಸುವುದಕ್ಕೆ. ಮೇಲಾಗಿ, ಎಳೆಮರವು ತನ್ನ ಸುತ್ತಲಿನ ಹುಲ್ಲು, ಲಂಟಾನ, ಪೊದೆಗಳೊಡನೆ ಬೆಳಕಿಗಾಗಿ ಸ್ಪರ್ಧಿಸುತ್ತಿರುತ್ತದೆ. ಮಳೆಗಾಲದ ಒಂದು ತಿಂಗಳನ್ನು ಹುಳುವಿಗೆ ಒಪ್ಪಿಸಿದ ಸಸಿ ಆ ಒಂದು ತಿಂಗಳಿನಲ್ಲಿಯೇ ಕಳೆಯ ನೆರಳಿಗೆ ಸಿಕ್ಕಿಬಿಡಬಹುದು. ಮಳೆ ಮುಗಿಯುವ ವೇಳೆಗೆ ಬೇರು ಸಾಕಷ್ಟು ಇಳಿಯದಿದ್ದರೆ ಮುಂದಿನ ಬೇಸಿಗೆಯನ್ನು ದಾಟುವುದು ಕಷ್ಟ. ಹೀಗೆ ಸತ್ತ ಸಸಿಯನ್ನು ಕಂಡವರು ಬಿಸಿಲಿಗೆ ಒಣಗಿತೆಂದು ತಿಳಿಯುತ್ತಾರೆ; ಜೂನ್ ತಿಂಗಳಿನಲ್ಲಿ ನಡೆದುಹೋದ ಲೂಟಿ ಏಪ್ರಿಲ್ ತಿಂಗಳಿನ ಸಾವಿಗೆ ಕಾರಣವೆಂಬುದು ಹೊಳೆಯುವುದಿಲ್ಲ.

ಇನ್ನೊಂದು ಹಾನಿಯೂ ಉಂಟು. ಹುಳುಗಳಿಗೆ ತುದಿಯ ಎಳೆಚಿಗುರೆಂದರೆ ಪ್ರಾಣ. ನೆಟ್ಟಗೆ ಮೇಲೇರುತ್ತಿದ್ದ ತುದಿ ಕುಡಿ ನಾಶವಾದರೆ ಅದರ ಕೆಳಗಿನ ಮೊಗ್ಗುಗಳು ಒಡೆದು ಎರಡು ಮೂರು ಕವಲುಗಳು ಏಳುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಇಲ್ಲಿ ತಿರುವಿ ಹೇಳಬೇಕು: ಗಿಡವಾಗಿ ಕವಲೊಡೆದದ್ದು ಮರವಾಗಿ ಒಂದಾಗದು. ದಿಮ್ಮಿಗೆಂದು ಬೆಳೆಸಿದ ಮರಕ್ಕೆ ಆ ಕವಲು ಆಯುಷ್ಯಪರ್ಯಂತದ ಊನ.

ತೇಗದ ಪಾಠ

ಎಲೆತಿನ್ನುವ ಹುಳುವಿನಿಂದ ಎಳೆಮರಕ್ಕೆ ಆಗುವ ನಷ್ಟವನ್ನು ನಮ್ಮ ದೇಶದಲ್ಲಿ ಅತ್ಯಂತ ಎಚ್ಚರದಿಂದ ಅಳೆದದ್ದು ತೇಗದ ವಿಷಯದಲ್ಲಿ. ಕನ್ನಡ ನಾಡಿಗೆ ತೇಗ ಅಪರಿಚಿತವಲ್ಲ. ದಾಂಡೇಲಿ, ಹಳಿಯಾಳದ ಕಾಡುಗಳಿಂದ ಹಿಡಿದು ಕಬಿನಿಯ ದಂಡೆಯ ಕಾಕನಕೋಟೆಯವರೆಗೆ ಅದು ನಮ್ಮ ಕಾಡಿನ ಮರ. ಮಂಡ್ಯ ಜಿಲ್ಲೆಯಲ್ಲಿ ನಾಲೆಯ ಏರಿಯ ಮೇಲೂ ಹೊಲದ ಬದುವಿನಲ್ಲಿಯೂ ಸಾಲಾಗಿ ನೆಟ್ಟು ಬೆಳೆಸುವ ಮರ.

ತೇಗಕ್ಕೆ ಇಬ್ಬರು ಮುಖ್ಯ ವೈರಿಗಳು. ಎರಡೂ ಪತಂಗದ ಮರಿಗಳು. ಒಂದರ ಶಾಸ್ತ್ರೀಯ ನಾಮ ಹಿಬ್ಲಿಯಾ ಪ್ಯೂರಾ. ಇದರ ಪತಂಗ ರೆಕ್ಕೆ ಮಡಿಸಿ ಕುಳಿತಾಗ ಒಣ ತರಗಿನ ಬಣ್ಣದ್ದಾಗಿ ಕಣ್ಣಿಗೆ ಬೀಳದು. ರೆಕ್ಕೆ ಬಿಚ್ಚಿದರೆ ಹಿಂಬದಿಯ ಕಪ್ಪು ರೆಕ್ಕೆಗಳ ಮೇಲೆ ಕಿತ್ತಳೆ ಬಣ್ಣದ ಮಚ್ಚೆ ಕಾಣುತ್ತದೆ. ಹೆಣ್ಣು ಎಳೆಯ ಎಲೆಯ ಮೇಲೆ ಬಿಡಿಬಿಡಿಯಾಗಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಮರಿಹುಳು ಎಲೆಯಂಚನ್ನು ಕತ್ತರಿಸಿ, ಮಡಿಸಿ, ತನ್ನದೇ ನೂಲಿನಿಂದ ಬಿಗಿದು ಗೂಡು ಮಾಡಿಕೊಂಡು, ಅದರೊಳಗಿನಿಂದ ಹೊರಬಂದು ಮೇಯುತ್ತದೆ. ದಪ್ಪ ನರಗಳನ್ನು ಬಿಟ್ಟು ಉಳಿದುದೆಲ್ಲವೂ ಅದಕ್ಕೆ ಆಹಾರ. ಎರಡು ವಾರವಾಗುವುದರೊಳಗೆ ಬೆಳೆದು, ನೂಲಿನಲ್ಲಿ ಜೋತು ನೆಲಕ್ಕಿಳಿದು, ತರಗಿನ ನಡುವೆ ಕೋಶಾವಸ್ಥೆಯನ್ನು ಕಳೆಯುತ್ತದೆ. ಮೊಟ್ಟೆಯಿಂದ ಪತಂಗದವರೆಗಿನ ಸಮಸ್ತ ಸಂಸಾರ ಮೂರು ವಾರಗಳ ಆಸುಪಾಸಿನಲ್ಲಿ ಮುಗಿಯುತ್ತದೆ.

ಎರಡನೆಯದು ಇನ್ನೊಂದು ಜಾತಿಯ ಚಿಕ್ಕ ಹುಳು. ಅದು ಎಲೆಯ ಹಸಿರನ್ನಷ್ಟೆ ಕೆರೆದು ತಿಂದು ಸಣ್ಣ ದೊಡ್ಡ ನರಗಳನ್ನೆಲ್ಲ ಹಾಗೆಯೇ ಬಿಡುತ್ತದೆ. ಅದು ಮೇಯ್ದ ಎಲೆ ಜಾಲರಿಯಂತೆ ಕಾಣುತ್ತದೆ. ಇಡೀ ತೋಪು ಬೆಂಕಿ ತಗುಲಿದಂತೆ ಕಂದುಬಣ್ಣಕ್ಕೆ ತಿರುಗುವುದರಿಂದ ದಾರಿಹೋಕರಿಗೆ ಇದೇ ಭಯಂಕರವೆಂದು ತೋರುವುದು ಸಹಜ.

ಕಣ್ಣಿಗೆ ತೋರಿದ್ದು ನಿಜವೇ ಎಂಬುದನ್ನು ಪರೀಕ್ಷಿಸಿದವರು ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರಜ್ಞರು. ತ್ರಿಶೂರಿನ ಬಳಿಯ ಪೀಚಿಯಲ್ಲಿ 1975ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಡಾ. ಕೆ. ಎಸ್. ಎಸ್. ನಾಯರ್ ಮತ್ತು ಅವರ ಸಹೋದ್ಯೋಗಿಗಳು ನಿಲಂಬೂರಿನ ಎಳೆಯ ತೇಗದ ನೆಡುತೋಪನ್ನು ಆರಿಸಿಕೊಂಡರು. ಕೆಲವು ತುಂಡುಗಳನ್ನು ಒಂದು ಹುಳುವಿನಿಂದ, ಕೆಲವನ್ನು ಇನ್ನೊಂದರಿಂದ, ಕೆಲವನ್ನು ಎರಡರಿಂದಲೂ ಕಾಪಾಡಿ, ಕೆಲವನ್ನು ಹಾಗೆಯೇ ಬಿಟ್ಟು, ಐದು ವರ್ಷ ಬಿಡದೆ ಮರಗಳ ಬೆಳವಣಿಗೆಯನ್ನು ಅಳೆದರು. 1985ರಲ್ಲಿ ಪ್ರಕಟವಾದ ಫಲಿತಾಂಶ ಬೆರಗುಗೊಳಿಸುವಂತಿತ್ತು. ಹಿಬ್ಲಿಯಾ ಹುಳುವಿನ ಕಾಟಕ್ಕೆ ಒಳಗಾದ ಮರಗಳು ತಾವು ಗಳಿಸಬಹುದಾಗಿದ್ದ ಗಾತ್ರದಲ್ಲಿ ನೂರಕ್ಕೆ 44 ಪಾಲನ್ನು ಕಳೆದುಕೊಂಡಿದ್ದವು. ಒಂದು ಹೆಕ್ಟೇರಿಗೆ ವರ್ಷವೊಂದಕ್ಕೆ ಸುಮಾರು 3 ಘನ ಮೀಟರ್ ಮರದ ನಷ್ಟ. ಅದೇ, ನೋಡುವುದಕ್ಕೆ ಘೋರವಾಗಿದ್ದ ಜಾಲರಿ ಹುಳುವಿನಿಂದ ಲೆಕ್ಕಕ್ಕೆ ಸಿಗುವಂಥ ಹಾನಿಯೇ ಆಗಿರಲಿಲ್ಲ!

ಕಾರಣ ಸರಳ. ಹಿಬ್ಲಿಯಾ ಬರುವುದು ಮುಂಗಾರಿನ ಮುಂಚಿನ ಮಳೆಗೆ ತೇಗ ಚಿಗುರಿದಾಗ; ಇಡೀ ವರ್ಷದ ಗಳಿಕೆ ಇನ್ನೂ ಮುಂದಿರುವಾಗ. ಜಾಲರಿ ಹುಳುವಿನ ಹಾವಳಿ ಹೆಚ್ಚುವುದು ವರ್ಷದ ಕೊನೆಗೆ, ಎಲೆ ತನ್ನ ದುಡಿಮೆಯನ್ನು ಮುಗಿಸಿ ಉದುರುವುದಕ್ಕೆ ಕಾದಿರುವಾಗ. ಒಂದು ಹುಳು ಬಿತ್ತನೆಯ ಬೀಜವನ್ನು ತಿನ್ನುತ್ತದೆ, ಇನ್ನೊಂದು ಒಕ್ಕಣೆಯಾದ ಮೇಲಿನ ಹುಲ್ಲನ್ನು ಮೇಯುತ್ತದೆ ಎಂದರೆ ರೈತರಿಗೆ ಒಡನೆಯೇ ಅರ್ಥವಾದೀತು. ಎಷ್ಟು ಎಲೆ ಹೋಯಿತೆಂಬುದಕ್ಕಿಂತ ಯಾವಾಗ ಹೋಯಿತೆಂಬುದು ದೊಡ್ಡ ಪ್ರಶ್ನೆ. ನಿಲಂಬೂರಿನ ಪ್ರಯೋಗ ಕಲಿಸಿದ ಮೊದಲ ಪಾಠವಿದು.

ಎರಡನೆಯ ಪಾಠವೂ ಗಮನಾರ್ಹ. ಹುಳು ಬೋಳಿಸಿದ ತೇಗದ ಮರಗಳು ಸಾಯುವುದು ಬಹಳ ವಿರಳ. ಮತ್ತೆ ಚಿಗುರಿ, ಆಗಸ್ಟ್ ವೇಳೆಗೆ ಹಸಿರಾಗಿ ನಿಂತು, ಏನೂ ಆಗಿಲ್ಲವೆಂಬಂತೆ ತೋರುತ್ತವೆ. ಆದುದರಿಂದಲೇ ಈ ನಷ್ಟ ಅನೇಕ ವರ್ಷಗಳ ಕಾಲ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಕಳ್ಳನು ಮನೆಯ ಬಾಗಿಲನ್ನು ಮುರಿಯದೆ ಪೆಟ್ಟಿಗೆಯಿಂದ ಪ್ರತಿ ವರ್ಷ ಒಂದಿಷ್ಟು ನಾಣ್ಯವನ್ನು ಎತ್ತಿಕೊಂಡು ಹೋದಂತೆ.

ಕುರುಚಲು ಕಾಡಿನ ಲೆಕ್ಕಾಚಾರ

ಸಂತೆಬಾಚಹಳ್ಳಿಯ ಸುತ್ತಿನ ಕಾಡು ನಿಲಂಬೂರಿನ ಕಾಡಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ನಾರಾಯಣದುರ್ಗ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಬೆಟ್ಟಗಳಲ್ಲಿ ಇರುವುದು ಮಳೆ ಕಡಿಮೆಯಾದ ಕುರುಚಲು ಕಾಡು ಮತ್ತು ಎಲೆಯುದುರುವ ಒಣಕಾಡು. ತೋಳಗಳ ರಕ್ಷಣೆಗೆಂದು 1974ರಲ್ಲಿ ಇಲ್ಲಿ ಮೇಲುಕೋಟೆ ದೇವಾಲಯ ವನ್ಯಜೀವಿ ಧಾಮವನ್ನು ಘೋಷಿಸಲಾಯಿತು. ಅದರ ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್. ಬಂಡೆಗಳ ಸಂದಿನಲ್ಲಿ ತಮ್ಮಷ್ಟಕ್ಕೆ ಹುಟ್ಟಿ, ಆಡುಮೇಕೆಗಳ ಬಾಯಿಗೆ ಸಿಕ್ಕದೆ, ಕಾಳ್ಗಿಚ್ಚನ್ನು ತಪ್ಪಿಸಿಕೊಂಡು ಬೆಳೆಯುವ ಎಳೆಮರಗಳಿಗೆ ಹುಳು ಮೂರನೆಯ ಪರೀಕ್ಷೆ.

ಈ ಧಾಮದ ವಿಶೇಷಗಳಲ್ಲೊಂದು ಸೈಕಸ್ ಗಿಡ. ಈಚಲಿನಂತೆ ಕಂಡರೂ ಈಚಲಿನ ನಂಟಲ್ಲದ, ಹೂವೆಂಬುದು ಲೋಕದಲ್ಲಿ ಕಾಣಿಸಿಕೊಳ್ಳುವುದಕ್ಕೂ ಮೊದಲಿನ ವಂಶಕ್ಕೆ ಸೇರಿದ ಸಸ್ಯವಿದು. ಇದರ ಹೊಸ ಗರಿಗಳು ಒಂದೇ ಸಲಕ್ಕೆ ಸುತ್ತಾಗಿ ಏಳುತ್ತವೆ. ಎಳೆಗರಿ ಮೃದುವಾಗಿರುವುದು ಕೆಲವು ದಿನಗಳು ಮಾತ್ರ; ಆಮೇಲೆ ಅದು ತೊಗಲಿನಂತೆ ಗಡುಸಾಗುತ್ತದೆ. ಆ ಕೆಲವೇ ದಿನಗಳನ್ನು ಕಾದುಕೊಂಡಿರುವ ಚಿಟ್ಟೆಯೊಂದುಂಟು. ಉಗುರಿನಗಲದ ನೀಲಿ ಚಿಟ್ಟೆ. ಶಾಸ್ತ್ರಜ್ಞರು 1829ರಲ್ಲಿಯೇ ಅದಕ್ಕೆ ಇಟ್ಟ ಹೆಸರು ‘ಪಾಂಡವ’. ಪಾಂಡವರ ಹೆಸರು ಹೊತ್ತ ಪಾಂಡವಪುರದ ಸೀಮೆಗೆ ಈ ಹೆಸರು ತಾನಾಗಿ ಒಪ್ಪಿಬಂದದ್ದು ಒಂದು ವಿನೋದ. ಪಾಂಡವ ಚಿಟ್ಟೆ ಬಿಚ್ಚುತ್ತಿರುವ ಗರಿಯ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಎಳೆಯದನ್ನು ಮಾತ್ರ ತಿನ್ನಬಲ್ಲುದು. ಹುಳುವಿನ ಮೈಯಿಂದ ಒಸರುವ ಸಿಹಿನೀರಿಗೆ ಆಸೆಪಟ್ಟ ಇರುವೆಗಳು ಅದರ ಮೈಗಾವಲಿಗೆ ನಿಲ್ಲುತ್ತವೆ. ಗರಿಗಳೆಲ್ಲ ಒಟ್ಟಿಗೇ ಎದ್ದು ಬೇಗ ಬಲಿತರೆ ಗಿಡ ಗೆದ್ದಿತು. ಬಲಿಯುವುದಕ್ಕೆ ತಡವಾದರೆ ಹುಳು ಗೆದ್ದಿತು. ಹುಳುವಿಗೂ ಎಳೆಗಿಡಕ್ಕೂ ನಡೆಯುವ ಈ ಓಟದ ಪಂದ್ಯ ಕೋಟ್ಯಂತರ ವರ್ಷಗಳಷ್ಟು ಹಳೆಯದು.

ಕಕ್ಕೆಯ ಗಿಡಕ್ಕೆ ಇನ್ನೊಂದು ಬಗೆಯ ಅತಿಥಿ. ಕೆಲವು ಋತುಗಳಲ್ಲಿ ಹಳದಿ ಮಿಶ್ರಿತ ಬಿಳಿಯ ಚಿಟ್ಟೆಗಳು ಹಿಂಡು ಹಿಂಡಾಗಿ ಒಂದೇ ದಿಕ್ಕಿಗೆ ಹಾರಿ ಹೋಗುವುದನ್ನು ಬಯಲುಸೀಮೆಯ ಜನ ನೋಡಿ ಸಂತೋಷಪಡುತ್ತಾರೆ. ಈ ವಲಸೆಗಾರರ ಹಸಿರು ಹುಳುಗಳು ಕಕ್ಕೆಯ ಎಲೆಯ ಮೇಲೆ ಬೆಳೆಯುವಂಥವು. ಎಳೆಯ ಕಕ್ಕೆಯೊಂದು ಒಂದು ವಾರದಲ್ಲಿ ಕಡ್ಡಿಗಳ ಕಂತೆಯಾಗಿ ನಿಂತರೆ ಅದಕ್ಕೆ ಕಾರಣ ಇದೇ ಸುಂದರ ಚಿಟ್ಟೆಯ ಮರಿಗಳು.

ಎಲೆಯನ್ನು ತಿನ್ನುವುದೆಲ್ಲ ಚಿಟ್ಟೆ ಪತಂಗಗಳ ವಂಶವೇ ಅಲ್ಲ. ಮುಂಗಾರಿನ ಮುಂಚಿನ ಗುಡುಗುಮಳೆ ನೆಲವನ್ನು ತೊಯಿಸಿದ ಸಂಜೆ, ಕತ್ತಲಾಗುತ್ತಿದ್ದಂತೆ ಕಂದುಬಣ್ಣದ ದುಂಬಿಗಳು ಮಣ್ಣಿನಿಂದ ಎದ್ದು ಬೇವು, ಜಾಲಿ ಮೊದಲಾದ ಮರಗಳನ್ನು ಮುತ್ತುತ್ತವೆ. ಇರುಳೆಲ್ಲ ಎಲೆ ತಿಂದು, ಕೂಡಿ, ಬೆಳಗಾಗುವುದರೊಳಗೆ ಮತ್ತೆ ಮಣ್ಣು ಸೇರುತ್ತವೆ. ಹಗಲಿನಲ್ಲಿ ಬಂದು ನೋಡಿದವರಿಗೆ ಹರಿದ ಎಲೆ ಕಾಣುತ್ತದೆ, ಹರಿದವರು ಕಾಣುವುದಿಲ್ಲ. ಇವುಗಳ ಮರಿಯೇ ಮಂಡ್ಯದ ಕಬ್ಬಿನ ರೈತರು ಚೆನ್ನಾಗಿ ಬಲ್ಲ ಗೊಣ್ಣೆಹುಳು. ಮಳೆಗಾಲದಲ್ಲಿ ಅದು ನೆಲದೊಳಗೆ ಬೇರನ್ನು ತಿನ್ನುತ್ತದೆ. ಆಗಷ್ಟೆ ನೆಟ್ಟ ಸಸಿಗೆ ಇದರಿಂದ ಎರಡು ಪೆಟ್ಟು: ತಾಯಿ ಮೇಲಿನಿಂದ ಎಲೆಯನ್ನು ತಿಂದರೆ, ಮರಿ ಕೆಳಗಿನಿಂದ ಬೇರನ್ನು ಕಡಿಯುತ್ತದೆ.

ಮಂಡ್ಯಕ್ಕೆ ಬಂದ ಪರದೇಶಿ

ಊರಿನ ಹುಳುವಿಗೂ ಊರಿನ ಮರಕ್ಕೂ ಹಳೆಯ ಲೆಕ್ಕಾಚಾರವಿರುತ್ತದೆ. ಹೊರಗಿನಿಂದ ಬಂದ ಕೀಟದ ಕಥೆಯೇ ಬೇರೆ. ಇಂಥದೊಂದು ಕಥೆಯಲ್ಲಿ ಮಂಡ್ಯ ಜಿಲ್ಲೆಯ ಹೆಸರು ವಿಜ್ಞಾನದ ದಾಖಲೆಯನ್ನು ಸೇರಿದೆ. 2001ರಲ್ಲಿ ಈ ಜಿಲ್ಲೆಯ ನೀಲಗಿರಿ ಗಿಡಗಳಲ್ಲಿ ಎಲೆಯ ನಡುನರ, ತೊಟ್ಟು, ಎಳೆಕಾಂಡಗಳ ಮೇಲೆ ವಿಚಿತ್ರವಾದ ಗಂಟುಗಳು ಕಾಣಿಸಿಕೊಂಡವು. ಆ ಗಂಟುಗಳಿಗೆ ಕಾರಣ ಒಂದು ಮಿಲಿಮೀಟರಿಗಿಂತ ಸ್ವಲ್ಪವೇ ಹೆಚ್ಚು ಉದ್ದದ ಕಣಜ. ಆಸ್ಟ್ರೇಲಿಯ ಮೂಲದ ಈ ಕೀಟ 2000ದ ಸುಮಾರಿಗೆ ಮಧ್ಯಪ್ರಾಚ್ಯದ ದೇಶಗಳಲ್ಲಿ ಗಮನಕ್ಕೆ ಬಂದಿತ್ತು. ಅದಕ್ಕೆ ಲೆಪ್ಟೊಸೈಬೆ ಇನ್‌ವೇಸಾ ಎಂಬ ಹೆಸರನ್ನು ಇಟ್ಟದ್ದೇ 2004ರಲ್ಲಿ. ಅಂದರೆ ಹೆಸರು ಹುಟ್ಟುವುದಕ್ಕೆ ಮೊದಲೇ ಹುಳು ಮಂಡ್ಯವನ್ನು ಮುಟ್ಟಿತ್ತು!

ಈ ಕಣಜ ಎಲೆಯನ್ನು ಕಚ್ಚಿ ತಿನ್ನುವುದಿಲ್ಲ. ಎಳೆಯ ಎಲೆಯ ನರದೊಳಗೆ ಮೊಟ್ಟೆಯನ್ನು ಚುಚ್ಚುತ್ತದೆ. ಗಿಡವು ಆ ಮೊಟ್ಟೆಯ ಸುತ್ತ ತನ್ನದೇ ಮಾಂಸದಿಂದ ಗಂಟು ಕಟ್ಟಿ ಮರಿಗೆ ಅನ್ನವೂ ಮನೆಯೂ ಆಗುತ್ತದೆ. ಗಂಡಿನ ಹಂಗಿಲ್ಲದೆ ಹೆಣ್ಣೇ ಸಂತತಿಯನ್ನು ಮುಂದುವರಿಸಬಲ್ಲುದಾದ್ದರಿಂದ ಒಂದು ಕೀಟ ಬಂದರೂ ಸಾಕು, ವಂಶ ಬೆಳೆಯಿತು. ದೊಡ್ಡ ನೀಲಗಿರಿ ಮರಗಳು ಇದನ್ನು ತಾಳಿಕೊಂಡವು. ಪೆಟ್ಟು ಬಿದ್ದದ್ದು ಸಸ್ಯಕ್ಷೇತ್ರದ ಸಸಿಗಳಿಗೆ ಮತ್ತು ಒಂದೆರಡು ವರ್ಷದ ಎಳೆಮರಗಳಿಗೆ. ಎಲೆ ಮುರುಟಿ, ಕುಡಿ ಬಾಗಿ, ಬೆಳವಣಿಗೆ ನಿಂತು, ಗಿಡ ಪೊದೆಯಾಯಿತು. ಕೆಲವೇ ವರ್ಷಗಳಲ್ಲಿ ಕೀಟ ದಕ್ಷಿಣ ಭಾರತದ ನೆಡುತೋಪುಗಳಲ್ಲೆಲ್ಲ ಹರಡಿತು. ಅದರ ಮರಿಯನ್ನೇ ತಿಂದು ಬದುಕುವ ಇನ್ನೂ ಚಿಕ್ಕದಾದ ಮತ್ತೊಂದು ಕಣಜವನ್ನು ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯ ವಿಜ್ಞಾನಿಗಳು ಇಸ್ರೇಲಿನಿಂದ ತರಿಸಿ, ಪರೀಕ್ಷಿಸಿ ಬಿಡುಗಡೆ ಮಾಡಿದರು. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನೇ ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿತು. ಅದಕ್ಕೆ ಕಾರಣ ಅಂತರ್ಜಲದ ಚಿಂತೆ, ಹುಳುವಲ್ಲ. ಆದರೆ ಒಂದೇ ಜಾತಿಯ ಗಿಡವನ್ನು ಊರೂರಿಗೆ ಸಾಲುಗಟ್ಟಿ ನೆಟ್ಟರೆ ಒಂದು ಕಣಜವು ಎಷ್ಟು ದೂರ ಹೋಗಬಲ್ಲುದೆಂಬುದನ್ನು ನೀಲಗಿರಿ ತೋರಿಸಿಕೊಟ್ಟಿತು.

ಮನೆಯ ವೈರಿ, ಕಾಡಿನ ಮಿತ್ರ

ಇಷ್ಟು ಹುಳುಗಳಿದ್ದೂ ಕಾಡು ಹಸಿರಾಗಿ ಉಳಿದಿದೆಯಲ್ಲ, ಅದು ಹೇಗೆ? ಇದಕ್ಕೆ ಉತ್ತರವೂ ರೇಷ್ಮೆಯ ಮನೆಯಲ್ಲಿಯೇ ಸಿಗುತ್ತದೆ. ತಲೆಕೆಳಗು ಮಾಡಿ ನೋಡಬೇಕು, ಅಷ್ಟೆ.

ರೇಷ್ಮೆ ಬೆಳೆಗಾರರು ಹೆದರುವ ಬೇನೆಗಳಲ್ಲಿ ಹಾಲುತೊಂಡೆ ರೋಗ ಒಂದು. ಹುಳು ಊದಿ, ಚರ್ಮ ಹೊಳೆದು, ಒಡೆದರೆ ಹಾಲಿನಂಥ ದ್ರವ ಸುರಿಯುತ್ತದೆ. ಅದು ತಗುಲಿದ ಸೊಪ್ಪನ್ನು ತಿಂದ ಹುಳುವೂ ಸಾಯುತ್ತದೆ. ಇದಕ್ಕೆ ಕಾರಣ ಒಂದು ವೈರಸ್. ಇದರ ದಾಯಾದಿಯೇ ಆದ ಇನ್ನೊಂದು ವೈರಸ್ ತೇಗದ ಹಿಬ್ಲಿಯಾ ಹುಳುವನ್ನು ಕೊಲ್ಲುತ್ತದೆಂಬುದನ್ನು ಪೀಚಿಯ ಸಂಶೋಧಕರು 1988ರಲ್ಲಿ ವರದಿ ಮಾಡಿದರು. ಹುಳುಗಳ ದಟ್ಟಣೆ ಮಿತಿಮೀರಿದಾಗ ಈ ಬೇನೆ ಹಬ್ಬಿ, ಎಲೆಗಳಿಂದ ಹುಳುಗಳು ಕೊಳೆತು ಜೋತುಬೀಳುತ್ತವೆ. ಆ ಒಂದು ಜಾತಿಯ ಹುಳುವಿಗಷ್ಟೆ ಮಾರಕವಾದ ಇದನ್ನೇ ಮದ್ದಾಗಿ ಸಿಂಪಡಿಸುವ ಪ್ರಯೋಗಗಳೂ ಅಲ್ಲಿ ನಡೆದಿವೆ.

ಊಜಿ ನೊಣದ ಹೆಸರನ್ನು ಕೇಳಿದರೆ ರೇಷ್ಮೆಯ ರೈತರಿಗೆ ಎದೆ ಝಲ್ಲೆನ್ನುತ್ತದೆ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ನುಸುಳಿದ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕು ಹುಳುವನ್ನು ತಿನ್ನುತ್ತದೆ. ಕಿಟಕಿಗೆ ಬಲೆ ಕಟ್ಟಿ ಅದನ್ನು ತಡೆಯುವುದು ಹುಳುಮನೆಯ ನಿತ್ಯದ ಎಚ್ಚರ. ಇದೇ ಕುಲದ ಬೇರೆ ಬೇರೆ ನೊಣಗಳು ಕಾಡಿನಲ್ಲಿ ಎಲೆತಿನ್ನುವ ಹುಳುಗಳನ್ನು ಹೀಗೆಯೇ ಕೊಲ್ಲುತ್ತವೆ. ಇವುಗಳೊಂದಿಗೆ ಸಣ್ಣ ಕಣಜಗಳು, ಜೇಡಗಳು, ಇರುವೆಗಳು, ಹಕ್ಕಿಗಳು ಎಲ್ಲವೂ ಸೇರಿ ಕಾಡಿನ ಕಾವಲನ್ನು ನಡೆಸುತ್ತವೆ. ಗೊರವಂಕ, ಕಾಜಾಣ, ಕಾಗೆಗಳು ಹುಳು ಬಿದ್ದ ತೋಪಿಗೆ ಇಳಿದರೆ ಅವುಗಳಿಗೆ ಹಬ್ಬ. ತೆಂಗಿನ ಕಪ್ಪುತಲೆ ಹುಳುವಿನ ಕಾಟ ಕಂಡ ಈ ಸೀಮೆಯ ರೈತರು ಅದರ ಹತೋಟಿಗೆಂದು ಪ್ರಯೋಗಾಲಯದಲ್ಲಿ ಬೆಳೆಸಿದ ಕಣಜಗಳನ್ನು ತೋಟದಲ್ಲಿ ಬಿಡುವ ಕ್ರಮವನ್ನು ಬಲ್ಲರು. ಕಾಡಿನಲ್ಲಿ ಈ ಕೆಲಸ ಕೂಲಿಯಿಲ್ಲದೆ ನಡೆಯುತ್ತಿರುತ್ತದೆ.

ಯಾವ ಹುಳು ಯಾವ ಗಿಡವನ್ನು ತಿನ್ನುತ್ತದೆಂಬ ಜ್ಞಾನಕ್ಕೆ ಕನ್ನಡ ನಾಡಿನ ಕಾಡುಗಳು ಕೊಟ್ಟ ಕಾಣಿಕೆ ಸಣ್ಣದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರವಾರದಲ್ಲಿ ಮೂವರು ಅಧಿಕಾರಿಗಳಿದ್ದರು: ಅರಣ್ಯ ಇಲಾಖೆಯ ಟಿ. ಆರ್. ಬೆಲ್, ಜಿಲ್ಲಾಧಿಕಾರಿ ಡೇವಿಡ್‌ಸನ್, ಸುಂಕದ ಇಲಾಖೆಯ ಐಟ್‌ಕೆನ್. ಕಾಡಿನಿಂದ ಹುಳುಗಳನ್ನು ತಂದು, ಅವು ತಿನ್ನುವ ಸೊಪ್ಪನ್ನೇ ಹಾಕಿ ಮನೆಯಲ್ಲಿ ಸಾಕಿ, ರೆಕ್ಕೆ ಬರುವವರೆಗೆ ಕಾದು, ಒಂದೊಂದರ ಜಾತಕವನ್ನೂ ಬರೆದಿಟ್ಟರು. ಉತ್ತರ ಕನ್ನಡದ ಚಿಟ್ಟೆಗಳ ಕುರಿತು ಅವರು ಬರೆದ ಲೇಖನಮಾಲೆ 1896ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗತೊಡಗಿತು. ಬೆಲ್ ನಿವೃತ್ತಿಯ ಬಳಿಕವೂ ಕಾರವಾರದಲ್ಲಿಯೇ ನೆಲಸಿ 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಹುಳುವನ್ನು ಕೊಲ್ಲುವುದಕ್ಕೆ ಮೊದಲು ಅದರ ಹೆಸರು, ಊಟ, ಋತುಗಳನ್ನು ತಿಳಿಯಬೇಕೆಂಬ ಹಾದಿಯನ್ನು ಹಾಕಿದವರಲ್ಲಿ ಅವರೂ ಒಬ್ಬರು.

ಮದ್ದು ಹೊಡೆಯುವ ಮುನ್ನ

ಸಸಿಯನ್ನು ಹುಳು ತಿನ್ನುತ್ತಿರುವುದನ್ನು ಕಂಡ ರೈತರ ಕೈ ಮೊದಲು ಹೋಗುವುದು ಸಿಂಪಡಿಸುವ ಯಂತ್ರಕ್ಕೆ. ಸಂತೆಬಾಚಹಳ್ಳಿಯಂಥ ಸೀಮೆಯಲ್ಲಿ ಇದರ ಪರಿಣಾಮ ಗಂಭೀರವಾದುದು. ಬದುವಿನ ತೇಗಕ್ಕೆ ಹೊಡೆದ ಮದ್ದು ಗಾಳಿಯಲ್ಲಿ ತೇಲಿ ಪಕ್ಕದ ಹಿಪ್ಪುನೇರಳೆಯ ಮೇಲೆ ಕುಳಿತರೆ, ಆ ಸೊಪ್ಪು ತಿಂದ ಒಂದು ಮನೆಯ ಹುಳುವೆಲ್ಲ ಒಂದೇ ದಿನದಲ್ಲಿ ಸಾಯಬಹುದು. ನೆರೆಯವರ ಒಂದು ಬೆಳೆಯ ಗೂಡು, ಅದನ್ನು ನಂಬಿ ಮಾಡಿದ ಸಾಲ, ನಿಶ್ಚಯಿಸಿದ ಮದುವೆ ಎಲ್ಲವೂ ಆ ಸೊಪ್ಪಿನ ಮೇಲೆ ನಿಂತಿರುತ್ತವೆ. ಎಲೆತಿನ್ನುವ ಹುಳುವನ್ನು ಕೊಲ್ಲುವ ವಿಷಕ್ಕೆ ಕಾಡಿನ ಹುಳು ಯಾವುದು, ಮನೆಯ ಹುಳು ಯಾವುದು ಎಂಬ ಭೇದವಿಲ್ಲ.

ವಿಷವಲ್ಲದ ಜೈವಿಕ ಮದ್ದಾದರೆ ಅಪಾಯವಿಲ್ಲವೆಂದು ಭಾವಿಸುವುದೂ ತಪ್ಪು. ಬಿ.ಟಿ. ಎಂದು ಹೆಸರಾದ ಬ್ಯಾಕ್ಟೀರಿಯ ಮನುಷ್ಯರಿಗೂ ದನಕರುಗಳಿಗೂ ನಿರಪಾಯವೆಂದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಆದರೆ ಅದನ್ನು ಮೊಟ್ಟಮೊದಲು 1901ರಲ್ಲಿ ಜಪಾನಿನ ಇಶಿವಾಟಾ ಎಂಬ ವಿಜ್ಞಾನಿ ಕಂಡುಹಿಡಿದದ್ದು ಎಲ್ಲಿ? ಸತ್ತ ರೇಷ್ಮೆಹುಳುವಿನ ಮೈಯಲ್ಲಿ! ಬೇವಿನ ಬೀಜದ ಕಷಾಯವೂ ಹಿಪ್ಪುನೇರಳೆಗೆ ತಗುಲಿದರೆ ರೇಷ್ಮೆಹುಳುವಿಗೆ ಒಗ್ಗದು. ರೇಷ್ಮೆಯ ಸೀಮೆಯಲ್ಲಿ ಮರ ಬೆಳೆಸುವವರಿಗೆ ಸಿಂಪರಣೆ ಕಡೆಯ ಉಪಾಯವಾಗಬೇಕೇ ಹೊರತು ಮೊದಲನೆಯದಲ್ಲ.

ಮೊದಲಿನ ಉಪಾಯಗಳು ಸಾದಾ ಉಪಾಯಗಳೇ. ಸಸ್ಯಕ್ಷೇತ್ರದಿಂದ ಸಸಿಯನ್ನು ತರುವಾಗ ಎಲೆಯ ಅಡಿಯನ್ನೂ ಕುಡಿಯನ್ನೂ ತಿರುಗಿಸಿ ನೋಡಿ, ಗಂಟು, ಗೂಡು, ಹುಳುಗಳಿದ್ದುದನ್ನು ಅಲ್ಲಿಯೇ ಬಿಡಬೇಕು. ಮಳೆ ಹಿಡಿದೊಡನೆ ಬಲಿತ, ಬೇರು ಚೆನ್ನಾಗಿರುವ ಸಸಿಯನ್ನು ನೆಟ್ಟರೆ ಒಂದು ಸಲದ ಮೇವನ್ನು ಅದು ತಡೆದುಕೊಳ್ಳುತ್ತದೆ. ಬುಡದ ಕಳೆಯನ್ನು ತೆಗೆಯುತ್ತಿದ್ದರೆ ಎರಡನೆಯ ಚಿಗುರಿಗೆ ಬೆಳಕು ದೊರೆಯುತ್ತದೆ. ಕೈಗೆಟಕುವ ಎತ್ತರದ ಎಳೆಮರಗಳಲ್ಲಿ ಹುಳುವನ್ನು ಆರಿಸಿ ತೆಗೆಯುವುದು ಮಕ್ಕಳೂ ಮಾಡಬಹುದಾದ ಕೆಲಸ. ಗೊಣ್ಣೆಹುಳುವಿನ ದುಂಬಿಗಳು ಏಳುವ ಮೊದಲ ಮಳೆಯ ಇರುಳುಗಳಲ್ಲಿ ಬೇವಿನ ರೆಂಬೆಗಳನ್ನು ಅಲುಗಿಸಿ, ಉದುರಿದುದನ್ನು ಒಟ್ಟುಮಾಡಿ ನಾಶಮಾಡಿದರೆ ಮರಿಗಳ ಕಾಟವೂ ಇಳಿಯುತ್ತದೆ. ಊರೆಲ್ಲ ಕೂಡಿ ಮಾಡಿದರೆ ಮಾತ್ರ ಇದರ ಫಲ ಪೂರ್ತಿ.

ಎಲ್ಲಕ್ಕಿಂತ ಮುಖ್ಯವಾದುದು ಬೆರಕೆ ನೆಡುವಿಕೆ. ತೇಗದ ನಡುವೆ ಹೊನ್ನೆ, ಹೊಂಗೆ, ಬೇವು, ನೇರಳೆಗಳಿದ್ದರೆ ಒಂದು ಮರದ ಹುಳುವಿಗೆ ಪಕ್ಕದ ಮರ ಅನ್ನವಾಗದು. ಹುಳುವಿನ ವೈರಿಗಳಿಗೆ ಮಾತ್ರ ವರ್ಷವಿಡೀ ನೆಲೆ ಸಿಗುತ್ತದೆ. ತಳಿಯ ಆಯ್ಕೆಯೂ ಒಂದು ದಾರಿ. ನಮ್ಮ ರಾಜ್ಯದ ಕಾಡುಗಳಲ್ಲಿ ‘ತೇಲಿ’ ಎಂದು ಕರೆಯುವ ತೇಗದ ಬಗೆಯೊಂದಿದೆ. ಉಳಿದ ತೇಗಕ್ಕಿಂತ ಮುಂಚೆಯೇ ಚಿಗುರುವ ಗುಣ ಇದರದು. ಹಿಬ್ಲಿಯಾ ಪತಂಗಗಳು ಬರುವ ವೇಳೆಗೆ ಅದರ ಎಲೆ ಬಲಿತು, ಎಳೆಯದನ್ನೇ ಬಯಸುವ ಮರಿಹುಳುವಿಗೆ ಒಗ್ಗದಂತಾಗಿರುತ್ತದೆ. ಸೈಕಸ್ ಗಿಡ ಓಡುವ ಪಂದ್ಯವನ್ನೇ ಈ ತೇಗ ಮೊದಲೇ ಹೊರಟು ಗೆಲ್ಲುತ್ತದೆ.

ಹುಳು ಕಂಡಾಗಲೆಲ್ಲ ಕಂಗೆಡಬೇಕಾಗಿಯೂ ಇಲ್ಲ. ನಾರಾಯಣದುರ್ಗದ ಕಾಡಿನಲ್ಲಿ ಹರಿದ ಎಲೆಯಿಲ್ಲದ ಮರವೇ ಇರಲಾರದು. ಉದುರಿದ ಹಿಕ್ಕೆ ನೆಲಕ್ಕೆ ಗೊಬ್ಬರ. ಮರಿಗಳಿಗೆ ಗುಟುಕು ಕೊಡುವ ಹಕ್ಕಿಗಳಿಗೆ ಹುಳುವೇ ಆಧಾರ. ನವೆಂಬರ್ ತಿಂಗಳಿನಲ್ಲಿ ಜಾಲರಿಯಾದ ತೇಗದೆಲೆಯನ್ನು ನೋಡಿ ಮದ್ದಿನ ಅಂಗಡಿಗೆ ಓಡುವುದು ಹಣದ ಹಾನಿ. ಜೂನ್ ತಿಂಗಳಿನಲ್ಲಿ ಎಳೆಚಿಗುರು ಮಾಯವಾಗುತ್ತಿರುವಾಗ ಸುಮ್ಮನಿರುವುದು ಮರದ ಹಾನಿ. ಇವೆರಡರ ನಡುವಿನ ವಿವೇಕವನ್ನು ಈ ಸೀಮೆಯವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ದಿನಕ್ಕೆ ಹಲವು ಸಲ ತಟ್ಟೆಯ ಬಳಿ ಬಾಗಿ, ಹುಳು ಯಾವ ಜ್ವರದಲ್ಲಿದೆ, ಎಷ್ಟು ಸೊಪ್ಪು ಬೇಕು, ಯಾವ ಬೇನೆಯ ಸುಳಿವಿದೆ ಎಂದು ಕಣ್ಣಿಟ್ಟು ನೋಡುವ ಅಭ್ಯಾಸ ಅವರಿಗೆ ಇದ್ದೇ ಇದೆ. ಮುಂಗಾರಿನ ಆರಂಭದ ಆ ಆರೆಂಟು ವಾರ ಅದೇ ಕಣ್ಣನ್ನು ಬದುವಿನ ಸಸಿಯ ಕಡೆಗೂ ಒಂದಿಷ್ಟು ತಿರುಗಿಸಿದರೆ, ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಕೊಯ್ಯಬೇಕಾದ ಮರದ ಅರ್ಧ ಬೆಳೆ ಹುಳುವಿನ ಪಾಲಾಗದೆ ಉಳಿಯುತ್ತದೆ.